ಗಿರಣಗಾಂವಿನಲ್ಲಿ ರಾತ್ರಿಯ ಭಯ

(ವಾಚನಾಲಯದಲ್ಲಿ ಮಾಡಿದ ಭಾಷಣ)



ಪರೇಲ್, ಲಾಲ್‌ಬಾಗ್, ವರ್ಲಿಗಳಲ್ಲಿ ಕಳವು ಹೆಚ್ಚಿದೆ, ರಾತ್ರಿ ಒಬ್ಬೊಬ್ಬರೇ ನಡೆಯುವುದು ಕ್ಷೇಮವಲ್ಲ ಎಂಬ ಮಾತು ಈಗ ಚಾಳಿನ ನಲ್ಲಿಯ ಹತ್ತಿರವೂ ಕೇಳಿಬರುತ್ತದೆ, ನಲವತ್ತನೆಯ ಅಂತಸ್ತಿನ ದಿವಾನಖಾನೆಯಲ್ಲಿಯೂ ಕೇಳಿಬರುತ್ತದೆ. ಮಾತು ಒಂದೇ, ಆದರೆ ಯಾರಿಗೆ ಯಾರ ಭಯ ಎಂಬಲ್ಲಿ ವ್ಯತ್ಯಾಸವಿದೆ. ಮೇಲಿನವರು ಕೆಳಗಿನ ಗಲ್ಲಿಯನ್ನು ಕಂಡು ಹೆದರುತ್ತಾರೆ. ಗಲ್ಲಿಯವರು ನಡುರಾತ್ರಿ ಕುಡಿದು ಮೋಟಾರು ಓಡಿಸುವವರನ್ನು ಕಂಡು ಹೆದರುತ್ತಾರೆ. ಇವರ ನಡುವೆ ಕೊನೆಯ ಲೋಕಲ್ ಗಾಡಿ ಇಳಿದು ಬರುವ ನಮ್ಮ ಹೋಟೆಲಿನ ಹುಡುಗ, ಕಾವಲುಗಾರ, ಕಾರಕೂನ ಇದ್ದಾರಲ್ಲ, ಇವರು ಹೆದರುವವರೂ ಹೌದು, ಪರರ ಸಂಶಯಕ್ಕೆ ಗುರಿಯಾಗುವವರೂ ಹೌದು. ಆದಕಾರಣ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಗಿರಣಿಗಳ ಊರಾದ ಗಿರಣಗಾಂವನ್ನು ಹಿಂದೆ ಕಾಯುತ್ತಿದ್ದವರು ಯಾರು? ಪೊಲೀಸರಿಗಿಂತ ಹೆಚ್ಚಾಗಿ ಪಾಳಿಯ ಜನ. ರಾತ್ರಿ ಪಾಳಿ ಬದಲಾಗುವಾಗ ರಸ್ತೆಯ ತುಂಬ ಜನ, ಅವರಿಗಾಗಿ ತೆರೆದಿದ್ದ ಚಹದ ಅಂಗಡಿ, ಖಾನಾವಳಿ. ಒಂದೇ ಖೋಲಿಯಲ್ಲಿ ಜಾಗ ಸಾಲದೆ ಗಂಡಸರು ಚಾಳಿನ ಮೊಗಸಾಲೆಯಲ್ಲಿ, ರಸ್ತೆಯ ಬದಿಯಲ್ಲಿ ಮಲಗುತ್ತಿದ್ದರು. ಅದು ಸುಖವಲ್ಲ, ಬಡತನ. ಅದನ್ನು ಹೊಗಳಲು ನಾನು ನಿಂತಿಲ್ಲ. ಆದರೆ ಅಪರಿಚಿತನೊಬ್ಬ ಗಲ್ಲಿಗೆ ಕಾಲಿಟ್ಟರೆ 'ಯಾರು ಬೇಕಾಗಿತ್ತು?' ಎಂದು ಕೇಳುವವರು ಹತ್ತು ಮಂದಿ ಇದ್ದರು. ಅಮೆರಿಕದ ಜೇನ್ ಜೇಕಬ್ಸ್ ಎಂಬ ಮಹಿಳೆ 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೀದಿಯನ್ನು ಮೊದಲು ಕಾಯುವುದು ಬೀದಿಯ ಮೇಲಿರುವ ಜನರ ಕಣ್ಣುಗಳೇ ಎಂದು ವಾದಿಸಿದರು. ನಮ್ಮ ಚಾಳಿನ ಅಜ್ಜಿಯಂದಿರಿಗೆ ಗ್ರಂಥ ಓದದೆಯೇ ಇದು ತಿಳಿದಿತ್ತು.

1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಗೆಲುವು ದೊರೆಯಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ನೇಯ್ದ ಬಟ್ಟೆಗಿಂತ ಮಗ್ಗದ ಕೆಳಗಿನ ನೆಲಕ್ಕೆ ಹೆಚ್ಚು ಬೆಲೆ ಬಂತು. ಕೆಲಸ ಕಳೆದುಕೊಂಡ ಮನೆಗಳ ಕೆಲವು ಹುಡುಗರು ಗೂಂಡಾ ಗುಂಪುಗಳ ಕೈಗೆ ಸಿಕ್ಕಿದರು. 1994ರಲ್ಲಿ ಗಿರಣಿ ಮಾಲಿಕ ಸುನೀತ್ ಖಟಾವ್ ಮಹಾಲಕ್ಷ್ಮಿಯ ಹತ್ತಿರ ಗುಂಡಿಗೆ ಬಲಿಯಾದರು. ಆ ರಕ್ತದ ದಿನಗಳಿಗೆ ಹೋಲಿಸಿದರೆ ಇಂದಿನ ರಸ್ತೆ ಶಾಂತವೇ ಎನ್ನಬೇಕು. ಹಿಂದೆ ಎಲ್ಲವೂ ಕ್ಷೇಮವಾಗಿತ್ತು, ಈಗ ಹೊರಗಿನವರು ಬಂದು ಕೆಟ್ಟಿತು ಎಂಬ ಮಾತನ್ನು ನಾನು ಒಪ್ಪಲಾರೆ.

ಕೆಟ್ಟದ್ದು ಎಲ್ಲಿ ಎಂದರೆ, ನೆಲ ಹಂಚಿದ ರೀತಿಯಲ್ಲಿ. 1991ರ ನಿಯಮದ ಉದ್ದೇಶ ಸ್ಥೂಲವಾಗಿ ಹೀಗಿತ್ತು: ಗಿರಣಿಯ ನೆಲದಲ್ಲಿ ಒಂದು ಪಾಲು ನಗರದ ಬಯಲಿಗೆ, ಒಂದು ಪಾಲು ಸಾಮಾನ್ಯರ ಮನೆಗಳಿಗೆ, ಒಂದು ಪಾಲು ಮಾಲಿಕರಿಗೆ. 2001ರ ತಿದ್ದುಪಡಿ ಈ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬಯಲು ಕಿರಿದಾಯಿತು, ಗೋಡೆ ಎತ್ತರವಾಯಿತು. ಗೋಡೆಯ ಪಕ್ಕದ ರಸ್ತೆಗೆ ಕಿಟಕಿಯೂ ಇಲ್ಲ, ಅಂಗಡಿಯೂ ಇಲ್ಲ. ಒಳಗೆ ಕ್ಯಾಮೆರಾ ಇದೆ ನಿಜ. ಆದರೆ ಕ್ಯಾಮೆರಾ ಓಡಿಬಂದು ಬಿಡಿಸುವುದಿಲ್ಲ.

ಮುಚ್ಚಿದ ಗಿರಣಿಗಳ ಕತೆ ಇನ್ನೂ ಭೀಕರ. 2013ರ ಆಗಸ್ಟ್ 22ರ ಸಂಜೆ, ಮಹಾಲಕ್ಷ್ಮಿಯ ಪಾಳುಬಿದ್ದ ಶಕ್ತಿ ಮಿಲ್ಲಿನೊಳಗೆ ವೃತ್ತಿಯ ಕೆಲಸಕ್ಕಾಗಿ ಚಿತ್ರ ತೆಗೆಯಲು ಹೋಗಿದ್ದ ಪತ್ರಿಕಾ ಛಾಯಾಗ್ರಾಹಕಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಕೆ ದೂರು ಕೊಟ್ಟಳು. ಅದು ಸುದ್ದಿಯಾದ ಮೇಲೆ, ಹಿಂದಿನ ತಿಂಗಳು ಅದೇ ಜಾಗದಲ್ಲಿ ತನಗೂ ಹೀಗಾಗಿತ್ತೆಂದು ಟೆಲಿಫೋನ್ ಆಪರೇಟರ್ ಆಗಿದ್ದ ಇನ್ನೊಬ್ಬ ಹುಡುಗಿ ಮುಂದೆ ಬಂದಳು. 2014ರಲ್ಲಿ ಎರಡೂ ಮೊಕದ್ದಮೆಗಳಲ್ಲಿ ಶಿಕ್ಷೆಯಾಯಿತು. ಈ ಎರಡನೆಯ ಹುಡುಗಿ ನಮ್ಮಂತಹ ಮನೆಯವಳು ಎಂದು ನೆನೆದಾಗ ಹೊಟ್ಟೆ ಸಂಕಟವಾಗುತ್ತದೆ. ಮೊದಲೇ ಏಕೆ ಹೇಳಲಿಲ್ಲ ಎಂದು ಆಕೆಯನ್ನು ಕೇಳುವ ಅಧಿಕಾರ ಯಾರಿಗೂ ಇಲ್ಲ. ದುಡಿಯುವ ಹೆಣ್ಣು ಠಾಣೆಯ ಮೆಟ್ಟಿಲೇರಿದರೆ ಠಾಣೆಗಿಂತ ಮುಂಚೆ ನೆರೆಹೊರೆಯೇ ವಿಚಾರಣೆ ನಡೆಸುತ್ತದಲ್ಲವೆ?

ಇನ್ನು ಸಂಶಯದ ಮಾತು. ಕಟ್ಟಡದಲ್ಲಿ ಒಂದು ಉಂಗುರ ಕಾಣೆಯಾದರೆ ಮೊದಲು ಕರೆಯುವುದು ಮನೆಗೆಲಸದವಳನ್ನು, ಕಾವಲುಗಾರನನ್ನು, ಊಟ ತಲುಪಿಸುವ ಹುಡುಗನನ್ನು. ಆಮೇಲೆ ಅದು ಮಂಚದ ಕೆಳಗೆ ಸಿಕ್ಕಿದರೂ ಹೋದ ನೌಕರಿ ಮರಳುವುದಿಲ್ಲ. ಹಾಗೆಂದು ನಾವೂ ಉತ್ತರ ಭಾರತದಿಂದ ನಿನ್ನೆ ಬಂದ ಟ್ಯಾಕ್ಸಿಯವನನ್ನು ಹಾಗೆಯೇ ನೋಡುವುದುಂಟು. 'ಮದ್ರಾಸಿ'ಗಳೆಂದು ನಮ್ಮ ಹೋಟೆಲುಗಳ ಮೇಲೆ 1960ರ ದಶಕದ ಕೊನೆಯಲ್ಲಿ ಕಲ್ಲು ಬಿದ್ದುದನ್ನು ಹಿರಿಯರು ಮರೆತಿರಲಾರರು. ಬಾಡಿಗೆಗೆ ಇರುವವರು ಪೊಲೀಸ್ ನೋಂದಣಿಯನ್ನು ಮನೆಯೊಡೆಯರಿಂದ ಮಾಡಿಸಿ, ಅದರ ಪ್ರತಿ ಇಟ್ಟುಕೊಳ್ಳಿರಿ. ಕಷ್ಟಕಾಲದಲ್ಲಿ ನಿಮ್ಮ ಪರವಾಗಿ ಮಾತನಾಡುವ ಕಾಗದ ಅದು.

ದೂರು ಕೊಡುವ ಬಗೆಗೆ ನಮ್ಮವರಲ್ಲಿ ಅಳುಕು ಬಹಳ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ ಗಂಭೀರ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಬಾಯಿಮಾತಿನಲ್ಲಿ ಹೇಳಿದರೆ ಅವರು ಬರೆದುಕೊಂಡು, ನಿಮಗೆ ಓದಿ ಹೇಳಬೇಕು, ಅನಂತರವೇ ರುಜು. ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ತುರ್ತಿಗೆ 112, ಫೋನಿನ ಮೂಲಕ ಹಣ ದೋಚಿದ್ದರೆ 1930.

ಗಲ್ಲಿಯ ದೀಪ ಆರಿದ್ದರೆ ಕಂಬದ ನಂಬರು ಬರೆದುಕೊಂಡು ಬನ್ನಿ. ಒಬ್ಬರೇ ದೂರಿದರೆ ಕಾಗದ ಕಡತದಲ್ಲಿ ಮಲಗುತ್ತದೆ. ಚಾಳಿನವರೂ ಹೊಸ ಸೊಸೈಟಿಯವರೂ ಒಂದೇ ಕಾಗದಕ್ಕೆ ರುಜು ಹಾಕಿದರೆ ವಾರ್ಡ್ ಕಚೇರಿ ಸ್ವಲ್ಪ ಬೇಗ ಓದುತ್ತದೆ. ಮರಾಠಿಯಲ್ಲಿ ಅರ್ಜಿ ಬರೆಯಬಲ್ಲ ನಮ್ಮ ಇಬ್ಬರು ಸದಸ್ಯರು ಪ್ರತಿ ಭಾನುವಾರ ಸಂಜೆ ವಾಚನಾಲಯದ ಒಳಕೋಣೆಯಲ್ಲಿ ಕುಳಿತಿರುತ್ತಾರೆ. ಹೆಣ್ಣುಮಕ್ಕಳು ಬಂದರೆ ಮಾತನಾಡಲು ಮಹಿಳಾ ವಿಭಾಗದವರೂ ಇರುತ್ತಾರೆ.