ಮದ್ರಾಸು ದಿಲ್ಲಿಗೆ ಕಳಿಸಿದ ಕಕ್ಕಿಲ್ಲಾಯರು



ಕಮ್ಯುನಿಸ್ಟ್ ಯುಗದ ರಾಜಕಾರಣಿ ಎಂದೊಡನೆ ನಮ್ಮ ಮನಸ್ಸು ಪೂರ್ವ ಯುರೋಪಿನತ್ತ ಓಡುತ್ತದೆ. ಅಲ್ಬೇನಿಯಾದ ಎನ್ವರ್ ಹೋಜಾ 1944ರಿಂದ 1985ರಲ್ಲಿ ಸಾಯುವ ತನಕ ಅಧಿಕಾರ ಬಿಡಲಿಲ್ಲ. ಜೊತೆಗಿದ್ದ ನಾಯಕರನ್ನೂ ಸೆರೆಗೆ, ಸಾವಿಗೆ ನೂಕಿದ. ಅದೇ ಕಾಲದಲ್ಲಿ, ಅದೇ ಮಾರ್ಕ್ಸನನ್ನು ಓದಿಕೊಂಡ ಒಬ್ಬ ಕನ್ನಡಿಗರು ಹಳ್ಳಿಹಳ್ಳಿ ತಿರುಗಿ ಮತ ಕೇಳಿ ಶಾಸಕರಾದರು. ಅವರು ಬಿ.ವಿ. ಕಕ್ಕಿಲ್ಲಾಯ. ಚೆನ್ನೈನ ಪೆರುಂಗುಡಿಯಲ್ಲಿ ಅವರ ಮಾತು ಯಾಕೆ ಎಂದರೆ, ಅವರನ್ನು ಮೊದಲು ದಿಲ್ಲಿಗೆ ಕಳಿಸಿದ್ದೇ ಮದ್ರಾಸು.

ಕಾಸರಗೋಡಿನ ಬಳಿ, ಚಂದ್ರಗಿರಿ ಹೊಳೆಗೆ ಹತ್ತಿರದ ಬೇವಿಂಜೆಯಲ್ಲಿ 1919ರಲ್ಲಿ ಹುಟ್ಟಿದರು. ಜಮೀನುದಾರರ ಮನೆತನ. ಓದಿದ್ದು ಮಂಗಳೂರಿನಲ್ಲಿ. ಹೆಂಚು, ಬೀಡಿ ಕಾರ್ಮಿಕರ ಸಂಘಟನೆ ಬೆಳೆಯುತ್ತಿದ್ದ ಊರು ಅದು. ಕಕ್ಕಿಲ್ಲಾಯರು ಆ ಚಳವಳಿಗೆ ಬಂದರು. 1948ರ ನಂತರ ಕಮ್ಯುನಿಸ್ಟರ ಮೇಲೆ ನಡೆದ ದಮನದ ವರ್ಷಗಳಲ್ಲಿ ಭೂಗತರಾದರು, ಜೈಲು ಕಂಡರು.

ಆಗ ದಕ್ಷಿಣ ಕನ್ನಡವೆಲ್ಲ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. 1952ರ ಚುನಾವಣೆಯಲ್ಲಿ 375 ಸ್ಥಾನಗಳ ಇಲ್ಲಿನ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ ಬಹುಮತ ಸಿಗಲಿಲ್ಲ, ಕಮ್ಯುನಿಸ್ಟರು ದೊಡ್ಡ ಬಲವಾಗಿ ಬಂದರು. ಆ ಬಲದಿಂದಲೇ ಕಕ್ಕಿಲ್ಲಾಯರು ಮೊದಲ ರಾಜ್ಯಸಭೆಗೆ ಹೋಗಿ 1954ರವರೆಗೆ ಅಲ್ಲಿದ್ದರು. ತೆಲುಗರು, ತಮಿಳರು, ಮಲೆಯಾಳಿಗಳ ಮತ ಪಡೆದು ಹೋದವರು ಕರ್ನಾಟಕ ಏಕೀಕರಣಕ್ಕೆ ದುಡಿದರು ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಒಂದು ಭಾಷೆಯ ಹಕ್ಕು ಇನ್ನೊಂದು ಭಾಷೆಯ ಮೇಲಿನ ಹಗೆ ಅಲ್ಲ ಎಂದು ತಿಳಿದಿದ್ದ ಕಾಲ ಅದು.

1956ರ ನವೆಂಬರ್ 1ಕ್ಕೆ ಏಕೀಕರಣವೇನೋ ಆಯಿತು. ಆದರೆ ಕಾಸರಗೋಡು ಕೇರಳಕ್ಕೆ ಹೋಯಿತು. ಹುಟ್ಟೂರು ಒಂದು ರಾಜ್ಯದಲ್ಲಿ, ಕಾರ್ಯಕ್ಷೇತ್ರ ಇನ್ನೊಂದರಲ್ಲಿ! ಕಾಸರಗೋಡಿನ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಹೇಳಿದರೂ ಅದು ಕಾಗದದಲ್ಲೇ ಉಳಿಯಿತು.

ಕಕ್ಕಿಲ್ಲಾಯರು 1972ರಲ್ಲಿ ಬಂಟ್ವಾಳದಿಂದ, 1978ರಲ್ಲಿ ವಿಟ್ಲದಿಂದ ಶಾಸಕರಾದರು. ಈ ವರ್ಷಗಳನ್ನು ಅರಿಯಬೇಕಾದರೆ ಗೇಣಿ ಏನೆಂದು ತಿಳಿದಿರಬೇಕು. ಚಾಲಗೇಣಿ ಒಕ್ಕಲಿಗೆ ಕಾಲ ಕೆಳಗಿನ ನೆಲ ಗಟ್ಟಿಯಿರಲಿಲ್ಲ. ಧಣಿಗೆ ಮನಸ್ಸಾದರೆ ಎಬ್ಬಿಸಬಹುದಿತ್ತು. ಗೇಣಿ ಹಣವಲ್ಲ, ಅಕ್ಕಿ. ಬೈಹುಲ್ಲಿನ ಹಗ್ಗ ಸುತ್ತಿ ಬಿಗಿದ 42 ಸೇರಿನ ಮುಡಿಗಳನ್ನು ಹೊತ್ತುಕೊಂಡು ಹೋಗಿ ಧಣಿಯ ಚಾವಡಿಯಲ್ಲಿ ಇಳಿಸಬೇಕಿತ್ತು. ಬೆಳೆ ಕೈಕೊಟ್ಟರೆ ಬಾಕಿ ಮುಂದಿನ ವರ್ಷಕ್ಕೆ ಏರುತ್ತಿತ್ತು, ಮನೆಯವರ ಗಂಜಿ ತೆಳುವಾಗುತ್ತಿತ್ತು.

ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಒಕ್ಕಲು ಏಳನೇ ನಮೂನೆಯಲ್ಲಿ ಅರ್ಜಿ, ನಮ್ಮ ಕಡೆಯ ಮಾತಿನಲ್ಲಿ ಡಿಕ್ಲರೇಶನ್, ಹಾಕಬೇಕಿತ್ತು. ಭೂನ್ಯಾಯಮಂಡಳಿ ವಿಚಾರಿಸಿ ಹಕ್ಕು ಕೊಡಬೇಕಿತ್ತು. ಆರಂಭದಲ್ಲಿ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಆದರೂ ಓದು ಬರಹ ಇಲ್ಲದ ಒಕ್ಕಲು ಧಣಿಯ ಎದುರೇ ನಿಂತು 'ಈ ಗದ್ದೆ ನಾನು ಉಳುವುದು' ಎನ್ನುವುದು ಸುಲಭವಿತ್ತೇ? ರೈತ ಸಂಘಟನೆಗಳು ಊರೂರಲ್ಲಿ ಧೈರ್ಯ ತುಂಬದೆ ಹೋಗಿದ್ದರೆ ಆ ಕಾನೂನು ಪುಸ್ತಕದಲ್ಲೇ ಇರುತ್ತಿತ್ತು. ಜಮೀನುದಾರರ ಮನೆಯಲ್ಲಿ ಹುಟ್ಟಿ ಒಕ್ಕಲ ಪಕ್ಷ ಹಿಡಿದ ಕಕ್ಕಿಲ್ಲಾಯರಂಥವರ ನಿಜವಾದ ಸಾಧನೆ ಇಲ್ಲಿದೆ, ಪದವಿಗಳಲ್ಲಿ ಅಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಅವರ ಪಕ್ಷ ಸಿಪಿಐ ತುರ್ತುಪರಿಸ್ಥಿತಿಯನ್ನು ಬೆಂಬಲಿಸಿತು. ಅದು ತಪ್ಪು, ಪಕ್ಷವೇ 1978ರಲ್ಲಿ ಹಾಗೆಂದು ಒಪ್ಪಿಕೊಂಡಿತು. ಒಕ್ಕಲಿಗೆ ಭೂಮಿ ಸಿಕ್ಕಿದ್ದೂ ಪತ್ರಿಕೆಗಳ ಬಾಯಿ ಮುಚ್ಚಿದ್ದೂ ಅದೇ ವರ್ಷಗಳಲ್ಲಿ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚುವುದು ಚರಿತ್ರೆಗೆ ಮಾಡುವ ದ್ರೋಹ.

ಕಕ್ಕಿಲ್ಲಾಯರು ಕೊನೆಯವರೆಗೂ ಬರೆದರು, ಅನುವಾದಿಸಿದರು. 2012ರ ಜೂನ್ 4ರಂದು ತೀರಿಕೊಂಡರು. ಅವರ ಆತ್ಮಕಥೆ 'ಬರೆಯದ ದಿನಚರಿಯ ಮರೆಯದ ಪುಟಗಳು' ದಯವಿಟ್ಟು ಓದಿ. ನಿಮ್ಮಲ್ಲಿ ಬಂಟ್ವಾಳ, ಪುತ್ತೂರು, ವಿಟ್ಲ ಕಡೆಯವರು ಇದ್ದರೆ, ಊರಿಗೆ ಹೋದಾಗ ಮನೆಯ ಹಿರಿಯರ ಹತ್ತಿರ ಡಿಕ್ಲರೇಶನ್ನಿನ ಕತೆ ಕೇಳಿ ಬರೆದಿಟ್ಟುಕೊಳ್ಳಿ. ಅದನ್ನು ಕಣ್ಣಾರೆ ಕಂಡವರು ಈಗ ಕೆಲವರೇ ಉಳಿದಿದ್ದಾರೆ.