ನಿವೃತ್ತ ಪೈಲ್ವಾನರ ನೆನಪಿನ ಶಕ್ತಿ ಮತ್ತು ಹಾರ್ಮೋನು ಚಿಕಿತ್ಸೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಕಬ್ಬು ಮತ್ತು ಕೈಮಗ್ಗದಷ್ಟೇ ಹಳೆಯ ಹೆಸರು ಕುಸ್ತಿಗೂ ಇದೆ. ಎಳೆಯ ವಯಸ್ಸಿನಲ್ಲಿ ಗರಡಿಯ ಮಣ್ಣು ಮುಟ್ಟಿ, ಇಪ್ಪತ್ತು ವರ್ಷ ಜಾತ್ರೆಯಿಂದ ಜಾತ್ರೆಗೆ ಕಣಕ್ಕಿಳಿದು, ಕೊನೆಗೆ ಹೊಲಕ್ಕೋ ಮಗ್ಗಕ್ಕೋ ಮರಳಿದ ಪೈಲ್ವಾನರು ಇಲ್ಲಿನ ಅನೇಕ ಊರುಗಳಲ್ಲಿದ್ದಾರೆ. ಇಂಥವರು ಐವತ್ತು ದಾಟಿದ ಮೇಲೆ ಪರಿಚಿತರ ಹೆಸರು ಮರೆಯುವುದು, ಲೆಕ್ಕದಲ್ಲಿ ತಡವರಿಸುವುದು, ಸಣ್ಣ ಮಾತಿಗೆ ಸಿಡುಕುವುದು, ಮಧ್ಯಾಹ್ನವಾಗುವಷ್ಟರಲ್ಲಿ ಸೋತು ಮಲಗುವುದು ಕಂಡುಬಂದರೆ ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ. ಈ ಲಕ್ಷಣಗಳಲ್ಲಿ ಕೆಲವಕ್ಕೆ, ತಲೆಗೆ ಬಿದ್ದ ಹಳೆಯ ಪೆಟ್ಟಿನಿಂದ ಹಾರ್ಮೋನುಗಳು ಕುಗ್ಗಿರುವುದು ಕಾರಣವಾಗಿರಬಹುದು ಮತ್ತು ಆ ಕೊರತೆಯನ್ನು ರಕ್ತಪರೀಕ್ಷೆಯಿಂದ ಗುರುತಿಸಿ ತುಂಬಿಕೊಡಲು ಸಾಧ್ಯವಿದೆ ಎಂಬುದು ಊರಿನ ಮಟ್ಟಕ್ಕೆ ಇನ್ನೂ ಇಳಿದುಬರಬೇಕಾದ ತಿಳಿವಳಿಕೆಯಾಗಿದೆ.

ಹಾರ್ಮೋನು ಎಂದರೆ ಒಂದು ಗ್ರಂಥಿಯಲ್ಲಿ ತಯಾರಾಗಿ, ರಕ್ತದ ಮೂಲಕ ಹರಿದು, ದೂರದ ಅಂಗವೊಂದರ ಕೆಲಸವನ್ನು ಹೆಚ್ಚಿಸುವ ಅಥವಾ ತಗ್ಗಿಸುವ ರಾಸಾಯನಿಕ. ಇಂಥ ಗ್ರಂಥಿಗಳಲ್ಲಿ ಹಲವನ್ನು ಆಳುವ ಪಿಟ್ಯುಟರಿ ಗ್ರಂಥಿಯು ಮೂಗಿನ ಬುಡದ ಹಿಂದೆ, ತಲೆಬುರುಡೆಯ ತಳದ ಮೂಳೆಯಲ್ಲಿರುವ ಪುಟ್ಟ ಕುಳಿಯೊಳಗೆ ಕುಳಿತಿರುತ್ತದೆ. ಬಟಾಣಿ ಕಾಳಿನಷ್ಟು ಗಾತ್ರದ, ಸುಮಾರು ಅರ್ಧ ಗ್ರಾಂ ತೂಕದ ಈ ಗ್ರಂಥಿಯನ್ನು ಮೆದುಳಿಗೆ ಜೋಡಿಸುವುದು ಒಂದು ತೆಳುವಾದ ತೊಟ್ಟು. ಗ್ರಂಥಿಯ ಮುಂಭಾಗಕ್ಕೆ ಬೇಕಾದ ರಕ್ತದ ಬಹುಪಾಲು ಈ ತೊಟ್ಟಿನ ಗುಂಟ ಇಳಿಯುವ ಸೂಕ್ಷ್ಮ ರಕ್ತನಾಳಗಳಿಂದಲೇ ಬರುವುದರಿಂದ, ಪೈಲ್ವಾನನು ಎತ್ತಿ ಒಗೆಯಲ್ಪಟ್ಟು ತಲೆ ನೆಲಕ್ಕೆ ಬಡಿದಾಗ ಅಥವಾ ಎದುರಾಳಿಯ ಹಣೆಗೆ ಹಣೆ ಗುದ್ದಿದಾಗ, ಬುರುಡೆಯೊಳಗೆ ಮೆದುಳು ಅಲುಗಿದ ರಭಸಕ್ಕೆ ಆ ನಾಳಗಳು ಜಗ್ಗಿ ಘಾಸಿಗೊಳ್ಳುವ ಸಂಭವವಿದೆ. ಬಾಕ್ಸಿಂಗಿಗೆ ಹೋಲಿಸಿದರೆ ಕುಸ್ತಿಯಲ್ಲಿ ತಲೆಗೆ ನೇರ ಪೆಟ್ಟು ಕಡಿಮೆ ಎಂಬುದು ನಿಜ. ಗರಡಿಯ ಅಗೆದು ಹದಮಾಡಿದ ಮಣ್ಣೂ ಬಿದ್ದವನನ್ನು ಒಂದು ಮಟ್ಟಿಗೆ ಕಾಪಾಡುತ್ತದೆ. ಆದರೂ ವರ್ಷಗಟ್ಟಲೆ ಮರುಕಳಿಸುವ ಸಣ್ಣ ಪೆಟ್ಟುಗಳನ್ನು, ಪ್ರಜ್ಞೆ ತಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ನಿರುಪದ್ರವಿಗಳೆಂದು ಭಾವಿಸುವಂತಿಲ್ಲ.

ಟರ್ಕಿ ದೇಶದ ಕೈಸೇರಿಯ ವೈದ್ಯರು 2004ರಲ್ಲಿ 11 ಮಂದಿ ಹವ್ಯಾಸಿ ಬಾಕ್ಸರುಗಳನ್ನು ಪರೀಕ್ಷಿಸಿದಾಗ ಅವರಲ್ಲಿ 5 ಮಂದಿಗೆ, ಪಿಟ್ಯುಟರಿ ಸ್ರವಿಸುವ ಬೆಳವಣಿಗೆಯ ಹಾರ್ಮೋನಿನ ಕೊರತೆ ಇರುವುದು ಕಂಡುಬಂದಿತು. ತಲೆಗೆ ಗಾಯವಾದವರ ಕುರಿತ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಗಾಯವಾಗಿ ತಿಂಗಳುಗಳು ಕಳೆದ ಮೇಲೂ ಶೇ. 27ರಷ್ಟು ಜನರಲ್ಲಿ ಪಿಟ್ಯುಟರಿಯ ಒಂದಲ್ಲ ಒಂದು ಕೊರತೆ ಉಳಿದಿರುತ್ತದೆಂದು ತೋರಿಸಿತು. ಬೆಳವಣಿಗೆಯ ಹಾರ್ಮೋನು ಮಕ್ಕಳ ಎತ್ತರವನ್ನು ಹೆಚ್ಚಿಸುವುದಕ್ಕಷ್ಟೇ ಬೇಕಾದದ್ದೆಂಬ ಕಲ್ಪನೆ ವ್ಯಾಪಕವಾಗಿದ್ದರೂ, ದೊಡ್ಡವರಲ್ಲಿ ಅದು ಕುಗ್ಗಿದರೆ ಸ್ನಾಯು ಕರಗಿ, ಹೊಟ್ಟೆಯ ಸುತ್ತ ಕೊಬ್ಬು ಕೂಡಿ, ಉತ್ಸಾಹ, ಏಕಾಗ್ರತೆ ಮತ್ತು ನೆನಪು ಮಂಕಾಗುತ್ತವೆ.

ಚಿಕಿತ್ಸೆಯ ವಿಷಯದಲ್ಲಿ ಆಸೆ ಮತ್ತು ಎಚ್ಚರ ಎರಡೂ ಬೇಕಾಗುತ್ತವೆ. ಮೆದುಳಿನ ಗಾಯದ ನಂತರ ಬೆಳವಣಿಗೆಯ ಹಾರ್ಮೋನು ಕಡಿಮೆಯಾಗಿದ್ದವರಿಗೆ ಒಂದು ವರ್ಷ ಆ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು, 2010ರಲ್ಲಿ ಪ್ರಕಟಿಸಲಾದ ಅಮೆರಿಕದ ಅಧ್ಯಯನದಲ್ಲಿ ಗ್ರಹಣದ ವೇಗ, ಯೋಜನಾಶಕ್ತಿ ಮತ್ತು ಕಲಿಕೆಯ ಕೆಲವು ಅಂಶಗಳು ಸುಧಾರಿಸಿದ್ದವಾದರೂ ಪಾಲ್ಗೊಂಡವರ ಸಂಖ್ಯೆ ಚಿಕ್ಕದಾಗಿತ್ತು. ಇದಕ್ಕೆ ಪ್ರತಿಯಾಗಿ, ಟೆಸ್ಟೋಸ್ಟಿರಾನ್ ಎಂಬ ಪುರುಷ ಹಾರ್ಮೋನು ತಗ್ಗಿ ಮರೆವು ಕಾಣಿಸಿಕೊಂಡಿದ್ದ, 65 ದಾಟಿದ 493 ಗಂಡಸರ ಮೇಲೆ ನಡೆಸಿ 2017ರಲ್ಲಿ ವರದಿ ಮಾಡಲಾದ ಪ್ರಯೋಗದಲ್ಲಿ, ಒಂದು ವರ್ಷ ಆ ಹಾರ್ಮೋನನ್ನು ಲೇಪಿಸಿದರೂ ನೆನಪು ಸುಧಾರಿಸಲಿಲ್ಲ. ಹಾರ್ಮೋನು ನೆನಪಿನ ಟಾನಿಕ್ ಅಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ; ಕೊರತೆ ಸಾಬೀತಾದವರಿಗೆ ಮಾತ್ರ, ಅದೂ ಕೊರತೆಯಿರುವ ಹಾರ್ಮೋನನ್ನಷ್ಟೇ ಕೊಡುವುದು ಉಚಿತ. ಪದೇಪದೇ ಬಿದ್ದ ಪೆಟ್ಟಿನಿಂದ ಮೆದುಳಿನ ಜೀವಕೋಶಗಳೇ ಸವೆದು ಹೋಗುವ ಕಾಯಿಲೆಯನ್ನು ಯಾವ ಹಾರ್ಮೋನೂ ಹಿಂದಿರುಗಿಸಲಾರದು.

ಆದ್ದರಿಂದ ಪರೀಕ್ಷೆಯೇ ಮೊದಲ ಹೆಜ್ಜೆ. ಬೆಳಗಿನ ಎಂಟು ಗಂಟೆಯ ಹೊತ್ತಿಗೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್, ಥೈರಾಯ್ಡ್ ಮತ್ತು ಟೆಸ್ಟೋಸ್ಟಿರಾನ್ ಹಾರ್ಮೋನುಗಳ ಮಟ್ಟಗಳನ್ನು ನೋಡುವುದು ಕಷ್ಟದ ಕೆಲಸವಲ್ಲ. ಬೆಳವಣಿಗೆಯ ಹಾರ್ಮೋನಿಗೆ ಮಾತ್ರ ಅದನ್ನು ಕೆರಳಿಸಿ ಅಳೆಯುವ ವಿಶೇಷ ಪರೀಕ್ಷೆ, ಹಾರ್ಮೋನು ತಜ್ಞರ ಸಮ್ಮುಖದಲ್ಲಿ ನಡೆಯಬೇಕು. ಥೈರಾಯ್ಡ್ ಮತ್ತು ಕಾರ್ಟಿಸಾಲ್ ಎರಡೂ ಕಡಿಮೆಯಿದ್ದವರಿಗೆ ಮೊದಲು ಕಾರ್ಟಿಸಾಲಿನ ಕೊರತೆಯನ್ನು ನೀಗಿಸದೆ ಥೈರಾಯ್ಡ್ ಮಾತ್ರೆ ಆರಂಭಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದೆಂಬುದರಿಂದ, ಒಂದೇ ಒಂದು ವರದಿ ಹಿಡಿದು ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಳ್ಳುವ ರೂಢಿ ಇಲ್ಲಿ ಅಪಾಯಕಾರಿಯಾಗುತ್ತದೆ. ಬಿ-12 ಜೀವಸತ್ವದ ಕೊರತೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಖಿನ್ನತೆ ಇವುಗಳನ್ನೂ ಜೊತೆಯಲ್ಲೇ ಪರಿಶೀಲಿಸಬೇಕಾಗುತ್ತದೆ. ವ್ಯಾಯಾಮ ನಿಂತರೂ ಹಾಲು, ತುಪ್ಪ, ಬಾದಾಮಿಯ ಊಟ ಹಾಗೆಯೇ ಮುಂದುವರಿದು ಮೈ ಬೆಳೆದ, ದಪ್ಪ ಕುತ್ತಿಗೆಯ ಮಾಜಿ ಪೈಲ್ವಾನರಲ್ಲಿ ಗೊರಕೆಯ ನಡುವೆ ಉಸಿರು ಕಟ್ಟುವ ನಿದ್ರಾದೋಷವೂ ಮರೆವಿಗೆ ಕಾರಣವಾಗುವುದುಂಟು. ಪೈಲ್ವಾನನ ಮುದುಡಿದ ಕಿವಿ, ಎಷ್ಟು ವರ್ಷ ತಲೆಗೆ ತಲೆ ಹಚ್ಚಿ ಹೋರಾಡಿದನೆಂಬುದನ್ನು ವೈದ್ಯರಿಗೆ ಬಾಯಿಬಿಡದೆ ತಿಳಿಸುತ್ತದೆ, ಏಕೆಂದರೆ ಮೃದ್ವಸ್ಥಿ ಮತ್ತು ಅದರ ಪೊರೆಯ ನಡುವೆ ಮತ್ತೆ ಮತ್ತೆ ರಕ್ತ ತುಂಬಿ ಗಟ್ಟಿಯಾದದ್ದರ ಗುರುತು ಅದು.

ಹಾರ್ಮೋನು ಬಳಕೆಯ ಇನ್ನೊಂದು ಮುಖ ದುಃಖ ತರುವಂಥದ್ದು. ಮೈ ಕಟ್ಟುವ ಆತುರಕ್ಕೆ ಟೆಸ್ಟೋಸ್ಟಿರಾನ್ ಮೂಲದ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳುವ ತರುಣರಲ್ಲಿ, ಹೊರಗಿನ ಹಾರ್ಮೋನಿನಿಂದ ಪಿಟ್ಯುಟರಿ ಮಲಗಿಬಿಟ್ಟು, ಚುಚ್ಚುಮದ್ದು ನಿಲ್ಲಿಸಿದ ಮೇಲೆ ವೃಷಣಗಳ ಸ್ವಂತ ಉತ್ಪಾದನೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಚೇತರಿಸುವುದಿಲ್ಲ. ಇಂಥ ಹಾರ್ಮೋನುಗಳು ಆಟದಲ್ಲಿ ನಿಷಿದ್ಧವಾಗಿರುವುದಕ್ಕೆ ನ್ಯಾಯದ ಕಾರಣದಷ್ಟೇ ಆರೋಗ್ಯದ ಕಾರಣವೂ ಇದೆ.

ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನೆನಪಿನ ಪರೀಕ್ಷೆಯ ಅನುಕೂಲವಿದ್ದು, ಬಾಗಲಕೋಟೆ, ಬೆಳಗಾವಿ, ಹುಬ್ಬಳ್ಳಿಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಈ ಸೀಮೆಗೆ ಸಮೀಪದಲ್ಲೇ ಇವೆ. ರಾಜ್ಯ ಸರ್ಕಾರ ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುತ್ತಿದ್ದು, ಆ ಪಟ್ಟಿಯಲ್ಲಿರುವವರಿಗೆ ವರ್ಷಕ್ಕೊಮ್ಮೆ ಈ ರಕ್ತಪರೀಕ್ಷೆಯನ್ನೂ ಸೇರಿಸಿದರೆ ಖರ್ಚಿಗಿಂತ ಪ್ರಯೋಜನ ಹಿರಿದಾಗುತ್ತದೆ. ಅಲ್ಲಿಯವರೆಗೆ, ಜಾತ್ರೆಯಲ್ಲಿ ಹಳೆಯ ಪೈಲ್ವಾನರಿಗೆ ರುಮಾಲು ಸುತ್ತಿ ಸನ್ಮಾನಿಸುವ ಗರಡಿಯ ಹಿರಿಯರು ಅವರಲ್ಲಿ ಮರೆವು, ದಣಿವು ಕಂಡರೆ ಅವರನ್ನು ಒಮ್ಮೆ ತಾಲ್ಲೂಕು ಆಸ್ಪತ್ರೆಯ ವೈದ್ಯರ ಮುಂದೆ ಕೂರಿಸಿ, ಹಳೆಯ ಪೆಟ್ಟುಗಳ ವಿವರವನ್ನು ಮುಚ್ಚಿಡದೆ ಹೇಳುವಂತೆ ನೋಡಿಕೊಳ್ಳಬೇಕು.