ಚಕ್ಕಡಿ ಚಪ್ಪರದಲ್ಲಿ ಬಡಿಗತನ
(ಲಚ್ಯಾಣದಲ್ಲಿ ಹಾಲು ಉತ್ಪಾದಕ ಸದಸ್ಯರ ಮುಂದೆ ಮಾಡಿದ ಭಾಷಣ)



ಟ್ರ್ಯಾಕ್ಟರ್ ಬಂದ ಮೇಲೆ ನಮ್ಮ ಇಂಡಿ ಭಾಗದ ಎಷ್ಟೋ ಮನೆಗಳಲ್ಲಿ ಚಕ್ಕಡಿ ನಿಲ್ಲಿಸುವ ಚಪ್ಪರ ಖಾಲಿ ಬಿದ್ದಿದೆ. ಅಲ್ಲೊಂದು ಬಡಿಗತನದ ಮೂಲೆ ಮಾಡಿಕೊಳ್ಳಿರಿ. ಗೋದಲಿಯ ಹಲಗೆಗೆ, ಕರುವಿನ ಗೂಟಕ್ಕೆ ಬಡಿಗರ ದಾರಿ ಕಾಯಬೇಕಾಗಿಲ್ಲ. ಗರಗಸ, ಬಾಚಿ, ಎರಡು ಉಳಿ, ಕೀಸುಳಿ, ಸುತ್ತಿಗೆ ಸಾಕು. ಮಷೀನಿನ ಆಸೆ ಆಮೇಲೆ. ಕೆಲಸದ ಮೇಜು ಸೊಂಟದೆತ್ತರ ಇರಲಿ, ಅಲುಗಾಡಬಾರದು. ಬದುವಿನ ಕರಿಜಾಲಿ ಗಟ್ಟಿ ಕಟ್ಟಿಗೆ. ಕೊಯ್ದು ನೆರಳಿನಲ್ಲಿ ಒಣಗಿಸಿರಿ, ಬಿಸಿಲಿಗಿಟ್ಟರೆ ಸೀಳುತ್ತದೆ. ನಾನು ಮಾಡಿದ ಮೊದಲ ಗೋದಲಿ ಸೊಟ್ಟಗಿತ್ತು, ಆಕಳೇನೂ ದೂರಲಿಲ್ಲ.

ಆದರೆ ಮೊಳೆ! ಅದನ್ನು ಹೇಳಲೆಂದೇ ಬಂದೆ. ಕಣಿಕೆ ಬಣವೆಯ ಪಕ್ಕದಲ್ಲೇ ಕೂತು ಹಳೆಯ ಬಾಗಿಲು ಬಿಚ್ಚಿದೆ. ಕೆಲವು ದಿನಗಳಲ್ಲಿ ಅದೇ ಆಕಳು ಮೇವು ಬಿಟ್ಟಿತು, ಹಾಲು ಒಮ್ಮೆಲೇ ಇಳಿಯಿತು, ಬೆನ್ನು ಬಾಗಿಸಿ ಮುಂಗಾಲು ಅಗಲಿಸಿ ನಿಂತಿತು. ಹೊಟ್ಟೆಯುಬ್ಬರವೆಂದು ಎಣ್ಣೆ ಕುಡಿಸಿದೆ. ಗಂಗೆದೊಗಲು ಬಾತ ಮೇಲೆ ವೈದ್ಯರನ್ನು ಕರೆದೆ, ತಡವಾಗಿತ್ತು. ದನ ಮೇವನ್ನು ಸರಿಯಾಗಿ ಅಗಿಯದೆ ನುಂಗುತ್ತದೆ. ಮೊಳೆ ಎರಡನೆಯ ಹೊಟ್ಟೆಯಲ್ಲಿ ಉಳಿದು, ಅಡ್ಡಪರದೆ ಚುಚ್ಚಿ, ಮುಂದಿರುವ ಹೃದಯಕ್ಕೆ ತಾಗುತ್ತದೆ. ಬೇಗ ಕರೆದಿದ್ದರೆ ಹೊಟ್ಟೆಗೆ ಅಯಸ್ಕಾಂತ ಬಿಡುವುದೋ, ಶಸ್ತ್ರಕ್ರಿಯೆಯೋ, ಏನಾದರೂ ದಾರಿಯಿತ್ತು.

ಆದ್ದರಿಂದ ಮೂಲೆ ಬಣವೆಯಿಂದ, ಗೋದಲಿಯಿಂದ ದೂರವಿರಲಿ. ಬೀಡಿಯ ಕಿಡಿಗೂ ಅದೇ ಒಳ್ಳೆಯದು. ಕಿತ್ತ ಮೊಳೆ ಕೂಡಲೇ ಡಬ್ಬಿಗೆ ಬೀಳಲಿ. ಸಂಜೆ ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ನೆಲದ ಮೇಲೆಲ್ಲ ಎಳೆಯಿರಿ. ತಾಮ್ರದ ತಂತಿ, ಹಿತ್ತಾಳೆ ಸ್ಕ್ರೂ ಅದಕ್ಕೆ ಅಂಟುವುದಿಲ್ಲ. ಅವನ್ನು ಬಗ್ಗಿ ಕೈಯಿಂದಲೇ ಆಯಬೇಕು.